ಹಿಡಿದ ಕೈ ಸಡಿಲಿಸುವ ಲೆಕ್ಕ

ಸವಾರರು ಹತ್ತುವ ಕಟ್ಟೆಯ ಪಕ್ಕ ಪೋನಿ, ಅಂದರೆ ಗಿಡ್ಡ ಕುದುರೆ, ನಿಂತಿದೆ, ಮೇಲೆ ಮಗು ಕೂತಿದೆ. ಮುಂದೆ ಹಗ್ಗ ಹಿಡಿದವರು "ಹೊರಡು ಅಂತ ಹೇಳು ಪುಟ್ಟಾ" ಅನ್ನುತ್ತಾರೆ. ಮಗುವಿಗೆ ಮಾತು ನಿಧಾನ. ಉಸಿರು ಎಳೆದುಕೊಳ್ಳಬೇಕು, ತುಟಿ ಕೂಡಿಸಬೇಕು. "ಹೊ..." ಅನ್ನುವಷ್ಟರಲ್ಲಿ ಹಗ್ಗದವರ ಭುಜ ಮುಂದಕ್ಕೆ ವಾಲಿ, ಪೋನಿ ಒಂದು ಹೆಜ್ಜೆ ಇಟ್ಟೇಬಿಟ್ಟಿರುತ್ತದೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಪೋನಿ ಹೊರಟಿದ್ದು ತನ್ನ ಮಾತಿಗಲ್ಲ ಅಂತ ಗೊತ್ತಾಗುವುದು ಮೇಲೆ ಕೂತ ಮಗುವಿಗೆ ಮಾತ್ರ.

ವಿಶೇಷಚೇತನ ಮಕ್ಕಳಿಗೆ ಸವಾರಿ ಕಲಿಸುವಾಗ ಆಗುವ ತಪ್ಪುಗಳಲ್ಲಿ ಇದನ್ನೇ ಮೊದಲು ಹೇಳಬೇಕು. ಮಗುವಿಗೆ ಧೈರ್ಯ ಬರಬೇಕಾದರೆ ಇವತ್ತು ಮಾಡಿದ್ದನ್ನೇ ನಾಳೆಯೂ ಮಾಡುವ ಪೋನಿ ಬೇಕು, ಮಗು ಕೇಳುವವರೆಗೆ ಸುಮ್ಮನಿರಬಲ್ಲ ದೊಡ್ಡವರು ಬೇಕು. ಅಂಥ ಪೋನಿ ಸಿಗುವುದು ಕಷ್ಟ, ಅಂಥ ದೊಡ್ಡವರು ಸಿಗುವುದು ಇನ್ನೂ ಕಷ್ಟ.

ಪೋನಿಯಿಂದಲೇ ಶುರು ಮಾಡೋಣ. ಭುಜದ ಉಬ್ಬಿನವರೆಗೆ ಅಳೆದಾಗ ಸುಮಾರು 148 ಸೆಂ.ಮೀ. ಒಳಗಿದ್ದರೆ ಪೋನಿ, ಕುದುರೆಯವರ ಲೆಕ್ಕದಲ್ಲಿ 14.2 ಹ್ಯಾಂಡ್. ಒಂದು ಹ್ಯಾಂಡ್ ಅಂದರೆ 4 ಇಂಚು. ಚುಕ್ಕೆಯಾದ ಮೇಲಿನ 2 ಅಂದರೆ ಎರಡು ಇಂಚು, ದಶಮಾಂಶ ಅಲ್ಲ. ಹೊಸಬರು ಇಲ್ಲಿ ಎಡವುತ್ತಾರೆ. ಮಕ್ಕಳ ಸವಾರಿಗೆ 12ರಿಂದ 13 ಹ್ಯಾಂಡ್, ಅಂದರೆ 122ರಿಂದ 132 ಸೆಂ.ಮೀ. ಹದವಾದ ಎತ್ತರ. ಕಾರಣ ಮಗುವಿನ ಅಳತೆ ಒಂದೇ ಅಲ್ಲ. ಪಕ್ಕದಲ್ಲಿ ನಡೆಯುವವರು ಮಗುವಿನ ತೊಡೆಯ ಮೇಲೆ ಮುಂಗೈ ಇಟ್ಟು ಇಪ್ಪತ್ತು ನಿಮಿಷ ನಡೆಯಬೇಕು. ಪೋನಿ ಎತ್ತರವಾದರೆ ಅವರ ಭುಜ ಮೇಲೇರಿ, ತೋಳು ಸೋತು, ಕೊನೆಗೆ ಅವರೇ ಮಗುವಿಗೆ ಜೋತುಬೀಳುತ್ತಾರೆ.

ಎತ್ತರಕ್ಕಿಂತಲೂ ಮುಖ್ಯ ಬೆನ್ನಿನ ಅಗಲ. ಸೆರೆಬ್ರಲ್ ಪಾಲ್ಸಿಯಿಂದ (ಮಿದುಳಿನ ತೊಂದರೆಯಿಂದ ಮೈ ಹತೋಟಿ ತಪ್ಪುವ ಸ್ಥಿತಿ) ಕಾಲು ಬಿಗಿದಿರುವ ಮಗುವಿಗೆ ತೊಡೆಯ ಒಳಭಾಗದ ಸ್ನಾಯುಗಳು ಹಿಡಿದುಕೊಂಡಿರುತ್ತವೆ. ಅಂಥ ಮಗುವನ್ನು ಪೀಪಾಯಿಯಂಥ ಪೋನಿಯ ಮೇಲೆ ಕೂರಿಸಿದರೆ ತೊಡೆ ಅಷ್ಟು ಅಗಲವಾಗಲಾರದೆ ಸೊಂಟ ಹಿಂದಕ್ಕೆ ಮಗುಚಿಕೊಳ್ಳುತ್ತದೆ, ಬೆನ್ನು ಗೂನಾಗುತ್ತದೆ. ನೋಡುವವರು "ಬೆನ್ನಲ್ಲಿ ಶಕ್ತಿ ಇಲ್ಲ" ಅಂದುಕೊಂಡು ಭುಜ ಹಿಡಿದು ನೆಟ್ಟಗೆ ಮಾಡಲು ಹೋಗುತ್ತಾರೆ. ತೊಂದರೆ ಬೆನ್ನಿನಲ್ಲಿರುವುದಿಲ್ಲ, ಪೋನಿಯ ಹೊಟ್ಟೆಯಲ್ಲಿರುತ್ತದೆ. ಇಂಥವರಿಗೆ ಕಿರಿದಾದ ಮೈಯ ಪೋನಿಯೇ ಸರಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಂತೆ ಸ್ನಾಯು ಸಡಿಲವಾಗಿರುವವರಿಗೆ ತುಸು ಅಗಲದ ಬೆನ್ನು ಆಸರೆ ಕೊಡುತ್ತದೆ.

ನಡಿಗೆಯನ್ನೂ ನೋಡಿ ಆರಿಸಬೇಕು. ಕುದುರೆಯ ನಡಿಗೆ ನಾಲ್ಕು ತಾಳದ್ದು. ನಾಲ್ಕು ಗೊರಸುಗಳು ಒಂದೊಂದಾಗಿ ನೆಲ ಮುಟ್ಟುತ್ತವೆ. ಹಿಂಗಾಲು ಮುಂದೆ ಬಂದಾಗಲೆಲ್ಲ ಸವಾರನ ಸೊಂಟ ಒಂದಿಷ್ಟು ಮುಂದೆ ಹೋಗುತ್ತದೆ, ಪಕ್ಕಕ್ಕೆ ವಾಲುತ್ತದೆ, ತಿರುಗುತ್ತದೆ. ನಾವು ನಡೆಯುವಾಗ ನಮ್ಮ ಸೊಂಟ ಮಾಡುವುದೂ ಇದನ್ನೇ. ಹಾಗಾಗಿ ಒಂದು ದಿನವೂ ಸ್ವಂತ ಕಾಲಲ್ಲಿ ನಡೆಯದ ಮಗುವಿನ ಸೊಂಟಕ್ಕೂ ನಡಿಗೆಯ ಓಲಾಟ ಸಿಗುತ್ತದೆ. ಉದ್ದ ಹೆಜ್ಜೆಯ, ನಿಧಾನದ, ಒಂದೇ ಲಯದ ನಡಿಗೆ ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ. ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಕುಟುಕುಟು ನಡೆಯುವ ಪೋನಿ ಅದೇ ಬಿಗಿತವನ್ನು ಹೆಚ್ಚಿಸುತ್ತದೆ. ಸಡಿಲ ಮೈಯ ಮಗುವಿಗಾದರೆ ಚುರುಕು ನಡಿಗೆ, ಆಗಾಗ ನಿಲ್ಲಿಸಿ ಹೊರಡಿಸುವುದು ಒಳ್ಳೆಯದು. ಬೆನ್ನು ಹೊಟ್ಟೆ ಎರಡೂ ಎಚ್ಚರಗೊಳ್ಳುತ್ತವೆ.

ತೂಕದ ಲೆಕ್ಕ ಸುಲಭ. ಜೀನು ಸೇರಿ ಒಟ್ಟು ಭಾರ ಪೋನಿಯ ತೂಕದ 15ರಿಂದ 20 ಶೇಕಡಾ ದಾಟಬಾರದು ಎಂಬುದು ರೂಢಿ. ಸಮತೋಲ ತಪ್ಪಿ ಕೂರುವ ಸವಾರರಿಗೆ 15ರಲ್ಲೇ ನಿಲ್ಲಿಸುವುದು ವಿವೇಕ. 250 ಕೆ.ಜಿ. ಪೋನಿಗೆ ಅದು 37.5 ಕೆ.ಜಿ. ಆಯಿತು, ಜೀನು, ಗಾದಿ ಸೇರಿ 7 ಕೆ.ಜಿ. ಕಳೆದರೆ ಉಳಿದದ್ದು 30.5. ಮಗುವಿನ ಹಿಂದೆ ದೊಡ್ಡವರೊಬ್ಬರು ಕೂತು ಹಿಡಿದುಕೊಳ್ಳುವ ಪದ್ಧತಿ ಕೆಲವು ಕಡೆ ಇದೆ. ಅವರ ಭಾರ ಬೀಳುವುದು ಪೋನಿಯ ಸೊಂಟದ ಮೇಲೆ, ಅದೇ ಅದರ ಬೆನ್ನಿನ ದುರ್ಬಲ ಭಾಗ. ಅದು ಬೇಡ.

ಸ್ವಭಾವಕ್ಕೆ ಬಂದರೆ, ಬೆಚ್ಚದ ಪೋನಿ ಅಂತ ಒಂದಿಲ್ಲ. ಹೇಗೆ ಬೆಚ್ಚುತ್ತದೆ ಅನ್ನುವುದನ್ನು ನೋಡಬೇಕು. ನಾಲ್ಕೂ ಕಾಲು ಊರಿ, ತಲೆ ಎತ್ತಿ, ಇದ್ದಲ್ಲೇ ಒಮ್ಮೆ ನಡುಗುವ ಪೋನಿಯನ್ನು ನಂಬಬಹುದು. ಗಿರಕ್ಕನೆ ಪಕ್ಕಕ್ಕೆ ತಿರುಗುವುದನ್ನು ನಂಬಲಾಗದು, ಉಳಿದ ದಿನವೆಲ್ಲ ಅದು ಎಷ್ಟೇ ಸಾಧುವಾಗಿರಲಿ. ಮಗು ಹತ್ತುವ ಮೊದಲು ಪರೀಕ್ಷೆ ಮಾಡಿ: ಗಾಲಿಕುರ್ಚಿಯನ್ನು ಅದರ ಸುತ್ತ ತಳ್ಳಿ, ಊರುಗೋಲನ್ನು ನೆಲಕ್ಕೆ ಬೀಳಿಸಿ, ಚೆಂಡು ಉರುಳಿಸಿ, ಒಮ್ಮೆ ಕಿರುಚಿ, ಜೂಲು ಹಿಡಿದು ಜಗ್ಗಿ. ಸಮರ್ಥ ಸವಾರರೊಬ್ಬರು ಮೇಲೆ ಕೂತು ಬೇಕೆಂದೇ ಒಂದು ಪಕ್ಕಕ್ಕೆ ಜೋಲಲಿ. ಒಳ್ಳೆಯ ಪೋನಿ ಭಾರ ಜಾರಿದ ಕಡೆಗೆ ತಾನೂ ಸರಿಯುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಒಂದು ಎಚ್ಚರಿಕೆ: ಕಣ್ಣು ಮಂಕಾಗಿ, ಏನು ಮಾಡಿದರೂ ಕಿವಿ ಅಲ್ಲಾಡಿಸದೆ ಕಲ್ಲಿನಂತೆ ನಿಂತ ಪೋನಿಯನ್ನು ಶಾಂತಸ್ವಭಾವದ್ದು ಎಂದು ತಿಳಿಯಬೇಡಿ. ಅದು ದಣಿದು, ಹೇಳಿದರೂ ಕೇಳುವವರಿಲ್ಲವೆಂದು ಹೇಳುವುದನ್ನೇ ಬಿಟ್ಟಿರುತ್ತದೆ. ಇಂಥವು ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಕಚ್ಚುತ್ತವೆ.

ಮೇಲೇರುವ ಮೊದಲು ವೈದ್ಯರ ಲಿಖಿತ ಒಪ್ಪಿಗೆ ಬೇಕೇ ಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಎಲುಬುಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ. ಹಾಗಿದ್ದರೆ ಸವಾರಿ ಕೂಡದು. ಜಾರಿದ ಸೊಂಟದ ಕೀಲು, ಹತೋಟಿಗೆ ಬಾರದ ಮೂರ್ಛೆರೋಗ, ಸುಲಭವಾಗಿ ಮುರಿಯುವ ಎಲುಬು, ಬೆನ್ನುಹುರಿಯ ತೀವ್ರ ವಕ್ರತೆ, ಆರದ ಗಾಯ, ಕುದುರೆ ಕೂದಲಿನ ಅಲರ್ಜಿ, ಇವನ್ನೆಲ್ಲ ವೈದ್ಯರಿಗೆ ಹೆಸರು ಹಿಡಿದು ಕೇಳಬೇಕು. "ಸವಾರಿ ಮಾಡಬಹುದಾ" ಎಂದು ಒಟ್ಟಾಗಿ ಕೇಳಿದರೆ "ಹೂಂ, ಮಾಡಲಿ" ಅನ್ನುವ ಉತ್ತರವೇ ಬರುತ್ತದೆ.

ಮೊದಲ ದಿನ ಹತ್ತಿಸಲೇಬೇಕೆಂದೇನಿಲ್ಲ. ಪೋನಿಯ ಮೈಶಾಖ ಸುಮಾರು 38 ಡಿಗ್ರಿ, ನಮಗಿಂತ ಒಂದು ಡಿಗ್ರಿಯಷ್ಟು ಹೆಚ್ಚು. ಬಿಗಿಮುಷ್ಟಿಯ ಮಗುವಿನ ಕೈಯನ್ನು ಜೂಲಿನ ಕೆಳಗೆ, ಕತ್ತಿನ ಮೇಲೆ ಇರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಬೆರಳು ತಾನಾಗಿ ಬಿಚ್ಚಿಕೊಳ್ಳುವುದುಂಟು. ಪೋನಿಯ ಮೈ ಉಜ್ಜುವ ಬ್ರಷ್ ಹಿಡಿತಕ್ಕೆ ಸಿಗದಿದ್ದರೆ ಕೈಗವಸಿನಂತೆ ತೊಡುವ ಬ್ರಷ್ ಇದೆ, ಅದನ್ನು ಕೊಡಿ. ತಿನಿಸನ್ನು ಮಾತ್ರ ಕೈಯಿಂದ ಕೊಡಿಸಬೇಡಿ, ಬಕೆಟ್ಟಿಗೆ ಹಾಕಿಸಿ. ಕೈಯಲ್ಲಿ ತಿಂದು ರೂಢಿಯಾದ ಪೋನಿ ಪ್ರತಿ ಕೈಯನ್ನೂ ಮೂಸಿ ಹುಡುಕುತ್ತದೆ. ಸರಕ್ಕನೆ ಕೈ ಹಿಂದಕ್ಕೆಳೆದುಕೊಳ್ಳಲಾರದ ಮಗುವಿಗೆ ಅದು ಅಪಾಯ.

ಹೆಲ್ಮೆಟ್ ಸವಾರಿಯದ್ದೇ ಆಗಬೇಕು, ಸೈಕಲ್ಲಿನದ್ದು ನಡೆಯದು. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಅಲ್ಲಾಡಿಸಿದರೆ ನೆತ್ತಿಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ತಲೆಯಲ್ಲಿ ಷಂಟ್ (ಮಿದುಳಿನ ಹೆಚ್ಚುವರಿ ನೀರು ಹರಿಸಲು ಇಟ್ಟ ನಳಿಕೆ) ಇರುವ ಮಗುವಾದರೆ ಒಳಗಿನ ಒತ್ತು ಎಲ್ಲಿ ಬೀಳುತ್ತದೆ ಎಂದು ಕೈಯಿಂದ ಮುಟ್ಟಿ ನೋಡಿ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಪೋನಿಯ ಭಯ ಇರುವುದಿಲ್ಲ, ಹೆಲ್ಮೆಟ್‌ದೇ ಹಿಂಸೆ. ಅದನ್ನು ಒಂದೆರಡು ವಾರ ಮೊದಲೇ ಮನೆಗೆ ಕೊಟ್ಟು ಕಳಿಸಿ: ಮೊದಲು ಆಟದ ಸಾಮಾನಾಗಿ, ಆಮೇಲೆ ಐದು ಎಣಿಸುವವರೆಗೆ ತಲೆಯ ಮೇಲೆ, ಆಮೇಲೆ ಪಟ್ಟಿ ಹಾಕಿ. ಮಗು ಕಿತ್ತೆಸೆಯುವ ಮೊದಲೇ ನೀವು ತೆಗೆದುಬಿಡಬೇಕು, ಅಳು ಬಂದ ಮೇಲೆ ತೆಗೆದರೆ ಅಳುವುದನ್ನೇ ಕಲಿಸಿದಂತೆ.

ಇನ್ನು ಹತ್ತಿಸುವುದು. ಇಡೀ ಪಾಠದಲ್ಲಿ ಹೆಚ್ಚು ಗಂಡಾಂತರದ ಎರಡು ನಿಮಿಷ ಇದೇ. ಹೊಟ್ಟೆಪಟ್ಟಿಯನ್ನು ಮೂರು ಸಲ ನೋಡಬೇಕು: ಲಾಯದಲ್ಲಿ ಜೀನು ಹಾಕಿದಾಗ, ಹತ್ತಿಸುವ ಮೊದಲು, ಹೊರಟ ಐದು ನಿಮಿಷದ ಮೇಲೆ. ಪಟ್ಟಿ ಬಿಗಿಯುವಾಗ ಪೋನಿ ಹೊಟ್ಟೆ ಉಬ್ಬಿಸುತ್ತದೆ, ನಡೆಯತೊಡಗಿದ ಮೇಲೆ ಇಳಿಸುತ್ತದೆ. ಮೂರನೇ ಸಲ ಮರೆತರೆ ಜೀನು ಒಂದು ಪಕ್ಕಕ್ಕೆ ಜಾರುತ್ತದೆ, ಮಗು ವಾಲುತ್ತದೆ, ಎಲ್ಲರೂ ಮಗುವನ್ನೇ ತಿದ್ದುತ್ತಾರೆ.

ಗಾಲಿಕುರ್ಚಿಯ ಮಗುವಿಗೆ ಇಳಿಜಾರಿನ ಕಟ್ಟೆ ಬೇಕು, ಆಚೆ ಬದಿಯಲ್ಲೂ ಒಂದು ಕಟ್ಟೆಯಿದ್ದರೆ ಪೋನಿ ಎರಡರ ನಡುವೆ ನೇರ ನಿಲ್ಲುತ್ತದೆ, ಆಚೆ ಬದಿಯ ಸಹಾಯಕರಿಗೂ ಎತ್ತರ ಸಿಗುತ್ತದೆ. ಕಾಲನ್ನು ಪೋನಿಯ ಹಿಂಭಾಗದ ಮೇಲಿಂದ ದಾಟಿಸುವುದು ಸಾಮಾನ್ಯ ರೀತಿ. ಕಾಲು ಬಿಗಿದ ಮಗು ಹಾಗೆ ಮಾಡುವಾಗ ಪೋನಿಯ ಬೆನ್ನಿಗೆ ಒದೆಯುತ್ತದೆ. ಅದರ ಬದಲು ಮಗುವನ್ನು ಜೀನಿನ ಮೇಲೆ ಮೊದಲು ಪಕ್ಕವಾಗಿ ಕೂರಿಸಿ, ಆಚೆಯವರು ಬೆನ್ನಿಗೆ ಕೈಕೊಟ್ಟು, ಈಚೆಯವರು ಮಂಡಿ ಮಡಿಸಿ ಕಾಲನ್ನು ಪೋನಿಯ ಕತ್ತಿನ ಮೇಲಿಂದ ದಾಟಿಸಬೇಕು. ಹಿಡಿಯಬೇಕಾದ್ದು ಮಂಡಿಯ ಮೇಲೆ, ತೊಡೆಯನ್ನು. ಪಾದ ಹಿಡಿದು ಎಳೆದರೆ ಸ್ನಾಯು ಹಟಕ್ಕೆ ಬಿದ್ದಂತೆ ಇನ್ನೂ ಬಿಗಿಯುತ್ತದೆ. ಅಂಗೈ ಅಗಲಿಸಿ ತೊಡೆಗೆ ಒತ್ತಿ ಹಿಡಿದು ಕಾಯಿರಿ, ಬಿಗಿತ ಇಳಿಯುತ್ತದೆ, ಆಗ ಒಂದಿಷ್ಟು ಸರಿಸಿ, ಮತ್ತೆ ಕಾಯಿರಿ. ಈ ಅಷ್ಟೂ ಹೊತ್ತು ಪೋನಿ ಹಂದಬಾರದು. ಕೂತ ತಕ್ಷಣ ಹೊರಡುವ ಚಾಳಿ ಪೋನಿಗೆ ಬರುವುದು ನಮ್ಮಿಂದಲೇ, ಕೂತ ತಕ್ಷಣ ಹೊರಡಿಸಿ ಹೊರಡಿಸಿ. ಪ್ರತಿಸಲ ಕೂತಮೇಲೆ ಹತ್ತು ಉಸಿರು ನಿಂತು ಹೊರಡುವುದು ನಿಯಮವಾದರೆ ಆ ಚಾಳಿ ಬರುವುದಿಲ್ಲ.

ಪಾದ ಊರುವ ರಿಕಾಪಿನ ವಿಷಯ. ಮುಂಭಾಗ ಮುಚ್ಚಿದ ರಿಕಾಪು, ಇಲ್ಲವೇ ಹೊರಬದಿಗೆ ರಬ್ಬರ್ ಬಳೆಯಿದ್ದು ಪಾದ ಸಿಕ್ಕಿಕೊಂಡರೆ ಕಳಚಿಕೊಳ್ಳುವ ರಿಕಾಪು ಬಳಸಿ. ಪಾದವನ್ನು ಅದಕ್ಕೆ ಕಟ್ಟುವುದು, ಮಗುವನ್ನು ಜೀನಿಗೆ ಬೆಲ್ಟಿನಿಂದ ಬಿಗಿಯುವುದು ಎಂದೂ ಕೂಡದು. ಪೋನಿ ಮುಗ್ಗರಿಸಿ ಬಿದ್ದರೆ ಕಟ್ಟಿಸಿಕೊಂಡ ಮಗು ಅದರಡಿಗೆ ಹೋಗುತ್ತದೆ. ಮೊದಮೊದಲು ಜೀನೇ ಇಲ್ಲದೆ ದಪ್ಪ ಗಾದಿ, ಅದರ ಮೇಲೆ ಹಿಡಿಕೆಯಿರುವ ಪಟ್ಟಿ ಬಿಗಿದು ಕೂರಿಸುವುದು ನನ್ನ ಮಟ್ಟಿಗೆ ಮೇಲು. ಶಾಖ ನೇರ ತಟ್ಟುತ್ತದೆ, ಓಲಾಟವೂ ಸಿಗುತ್ತದೆ.

ಮೊದಲ ಸವಾರಿ ಹತ್ತು ನಿಮಿಷ ಸಾಕು, ಆಮೇಲೂ ಅರ್ಧ ಗಂಟೆ ದಾಟಬೇಡಿ. ಹಗ್ಗದವರು ಪೋನಿಯ ತಲೆಗೂ ಭುಜಕ್ಕೂ ನಡುವೆ, ಅದರ ಪಕ್ಕದಲ್ಲಿ ನಡೆಯಬೇಕು. ಮುಂದೆ ಹೋಗಿ ಎಳೆಯುವುದಲ್ಲ. ಹಗ್ಗ ಹೆಡ್‌ಕಾಲರಿಗೆ, ಅಂದರೆ ಬಾಯಿಗೆ ಏನೂ ಹಾಕದ ತಲೆಪಟ್ಟಿಗೆ ಇರಲಿ, ಕಡಿವಾಣಕ್ಕೆ ಬೇಡ. ಉಳಿದ ಹಗ್ಗವನ್ನು ಮಡಿಸಿ ಹಿಡಿಯಿರಿ, ಕೈಗೆ ಸುತ್ತಿಕೊಂಡರೆ ಪೋನಿ ಜಗ್ಗಿದಾಗ ಬೆರಳಿಗೆ ಕುತ್ತು. ಎರಡೂ ಪಕ್ಕದವರು ಮಗುವಿನ ತೊಡೆಯ ಮೇಲೆ ಮುಂಗೈ ಹಾಯಿಸಿ ಜೀನಿನ ಮುಂತುದಿ ಹಿಡಿದುಕೊಳ್ಳುತ್ತಾರೆ. ಮಗು ಎಡಕ್ಕೆ ವಾಲಿದರೆ ಎಡಗಡೆಯವರು ಮೇಲಕ್ಕೆ ತಳ್ಳಬಾರದು. ತಳ್ಳಿದರೆ ಮಗು ಆ ಕೈಗೇ ಒರಗುತ್ತದೆ, ಗೋಡೆ ಸಿಕ್ಕಿತಲ್ಲ. ಪೋನಿಯನ್ನು ನಿಲ್ಲಿಸಿ, ಜೀನು ನಡುವೆ ಇದೆಯೇ ನೋಡಿ, ಬಲಗಡೆ ಏನಾದರೂ ಮುಟ್ಟಲು ಕೊಡಿ. ಮಗು ತಾನೇ ನೆಟ್ಟಗಾಗುತ್ತದೆ.

ನಿಲ್ಲಿಸುವುದನ್ನು ಹೇಳದೆ ಮಾಡಬೇಡಿ. "ಮೂರು, ಎರಡು, ಒಂದು, ನಿಲ್ಲು." ದಿಢೀರನೆ ನಿಂತರೆ ಮಗು ಮುಂದಕ್ಕೆ ಮುಗ್ಗರಿಸುತ್ತದೆ, ಹಿಡಿತಕ್ಕೆ ಜೂಲು ಸಿಗದಿದ್ದರೆ ಆ ಒಂದು ಕ್ಷಣದ ಭಯ ವಾರಗಟ್ಟಲೆ ಉಳಿಯುತ್ತದೆ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಹೊರಡುವ ಅಪ್ಪಣೆ ಮಗುವಿನದು. ಅದಕ್ಕೆ ಮೊದಲು ಪೋನಿಗೆ ಪಾಠ ಆಗಬೇಕು: ಹಗ್ಗದವರು ಹೆಜ್ಜೆ ತೆಗೆದರೂ ಮೇಲಿನಿಂದ ಸನ್ನೆ ಬಾರದೆ ಹೊರಡಬಾರದು. ಸಮರ್ಥ ಸವಾರರು ಮೇಲೆ ಕೂತು, ಕತ್ತಿಗೆ ಎರಡು ಸಲ ತಟ್ಟಿ, ಆಮೇಲೆ ಕಾಲಿನಿಂದ ಹೊರಡಿಸುತ್ತಾ ಬಂದರೆ ಕೆಲವು ದಿನಗಳಲ್ಲಿ ತಟ್ಟುವುದೊಂದೇ ಸಾಕಾಗುತ್ತದೆ. ಮಾತು ಬಾರದ ಮಗುವಿಗೆ ಆ ತಟ್ಟುವಿಕೆಯೇ "ಹೊರಡು". ಕೈಯೂ ಆಗದಿದ್ದರೆ ಚಿತ್ರದ ಕಾರ್ಡಿನತ್ತ ನೋಟ, ಒಂದು ಉದ್ಗಾರ, ಏನಾದರೂ ಆಗಬಹುದು. ಆದರೆ ಅದೊಂದೇ ಆಗಿರಬೇಕು, ಎಲ್ಲ ಸಹಾಯಕರಿಗೂ ಗೊತ್ತಿರಬೇಕು. "ಹೇಳು" ಎಂದು ಒಮ್ಮೆ ಕೇಳಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಹತ್ತು ಎಣಿಸುವುದು ಅಂದುಕೊಂಡದ್ದಕ್ಕಿಂತ ಉದ್ದ. ನಾಲ್ಕಕ್ಕೆ ಬರುವ ಹೊತ್ತಿಗೆ ಮತ್ತೆ "ಹೇಳು, ಹೇಳು" ಅನ್ನಬೇಕೆನಿಸುತ್ತದೆ. ಅನ್ನಬೇಡಿ. ಮಾತು ಕೂಡಿಸುತ್ತಿರುವ ಮಗು ನಿಮ್ಮ ಎರಡನೇ "ಹೇಳು"ವಿಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಕಾಲಿನಲ್ಲಿ ಬಲವಿಲ್ಲದವರು ಸವಾರಿ ಹೇಗೆ ಮಾಡಿಯಾರು ಎಂದು ಕೇಳುವವರಿಗೆ ಲಿಸ್ ಹಾರ್ಟೆಲ್ ಉತ್ತರ. ಡೆನ್ಮಾರ್ಕಿನ ಈಕೆಗೆ 1944ರಲ್ಲಿ ಪೋಲಿಯೋ ತಗುಲಿ ಮಂಡಿಯಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಕುದುರೆ ಹತ್ತಲು ಇಳಿಯಲು ಬೇರೆಯವರ ಸಹಾಯ ಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಬಿಲಿ ಎಂಬ ಕುದುರೆಯ ಮೇಲೆ, ಸನ್ನೆಗಳಿಂದಲೇ ಕುದುರೆಯ ಹೆಜ್ಜೆ ಆಳುವ ಸ್ಪರ್ಧೆಯಾದ ಡ್ರೆಸಾಜ್‌ನಲ್ಲಿ ಬೆಳ್ಳಿ ಗೆದ್ದರು. ಕಾಲು ಹೇಳಬೇಕಾದ್ದನ್ನು ಬೆನ್ನು, ಮೈಭಾರ ಹೇಳುತ್ತಿದ್ದವು, ಆ ಕುದುರೆಗೆ ಅದನ್ನು ಕೇಳಿಸಿಕೊಳ್ಳಲು ಗೊತ್ತಿತ್ತು. 1996ರಿಂದ ಪ್ಯಾರಾಲಿಂಪಿಕ್ಸ್‌ನಲ್ಲೂ ಡ್ರೆಸಾಜ್ ಇದೆ. ಕುಣಿಕೆಯಿರುವ ಲಗಾಮು, ಕಾಲಿಗೆ ಬದಲಾಗಿ ಎರಡು ಚಾವಟಿ, ದೃಷ್ಟಿಯಿಲ್ಲದವರಿಗೆ ಅಂಗಣದ ಅಂಚಿನ ಗುರುತಿನ ಅಕ್ಷರ ಕೂಗಿ ಹೇಳುವವರು, ಎಲ್ಲಕ್ಕೂ ಅಲ್ಲಿ ಅನುಮತಿ ಉಂಟು.

ಆ ಕುಣಿಕೆ ಲಗಾಮು ಮಕ್ಕಳಿಗೂ ಒಳ್ಳೆಯದು. ಏಣಿಯ ಮೆಟ್ಟಿಲಿನಂತೆ ಕುಣಿಕೆಗಳಿರುತ್ತವೆ, ಬೆರಳು ಮಡಿಸಲಾಗದ ಕೈಯನ್ನೂ ತೂರಿಸಬಹುದು. ಲಗಾಮನ್ನು ಹೆಡ್‌ಕಾಲರಿಗೇ ಕಟ್ಟಿ, ತೋಲ ತಪ್ಪಿದಾಗ ಹಿಡಿಯಲು ಪೋನಿಯ ಕತ್ತಿಗೆ ಬೇರೆ ಪಟ್ಟಿ ಹಾಕಿ. ಇಲ್ಲದಿದ್ದರೆ ಮಗು ಲಗಾಮಿಗೇ ಜೋತುಬಿದ್ದು ಪೋನಿಯ ಬಾಯಿ ಹಾಳಾಗುತ್ತದೆ. ಕಣ್ಣು ಕಾಣದ ಮಗುವಿಗೆ 20 ಮೀಟರ್ ಅಗಲ, 40 ಮೀಟರ್ ಉದ್ದದ ಅಂಗಣದ ನಾಲ್ಕು ಕಡೆ ಒಬ್ಬೊಬ್ಬರು ನಿಂತು ತಮ್ಮ ಅಕ್ಷರ ಕೂಗಿದರೆ ದನಿಯ ದಿಕ್ಕಿಗೆ ತಿರುಗಿಸಲು ಕಲಿಯುತ್ತದೆ. ಎಲ್ಲರೂ ಒಟ್ಟಿಗೆ ಕೂಗಿದರೆ ಸಂತೆ.

ಕೈ ಸಡಿಲಿಸುವುದಕ್ಕೆ ಒಂದು ಕ್ರಮವಿದೆ. ತೊಡೆಯ ಮೇಲಿನ ಮುಂಗೈ ತೆಗೆದು ಹಿಮ್ಮಡಿ ಮುಟ್ಟುವುದು. ಆಮೇಲೆ ಮುಟ್ಟದೆ ಪಕ್ಕದಲ್ಲಿ ನಡೆಯುವುದು. ಒಬ್ಬರು ಒಂದು ಮೀಟರ್ ದೂರ ಸರಿಯುವುದು. ಕೊನೆಗೆ ಹಗ್ಗ ಸಡಿಲಾಗುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಹಿಡಿತ ತೆಗೆದ ದಿನ ಹೊಸ ತಿರುವು, ಹೊಸ ಸಹಾಯಕರು, ಹೊಸ ಜಾಗ ಯಾವುದೂ ಬೇಡ. ತೆಗೆಯುವ ಮೊದಲು ಮಗುವಿಗೆ ಹೇಳಿ, "ಆ ಕಂಬದಿಂದ ಈ ಕಂಬದವರೆಗೆ ಕೈ ತೆಗೆಯಲಾ?" ಬೇಡ ಅಂದರೆ ಬೇಡ. ಕಂಬ ಬಂದ ಕೂಡಲೇ ಕೈ ವಾಪಸ್ ಇಡಬೇಕು, ಚೆನ್ನಾಗಿ ಕೂತಿದೆ ಅಂತ ಇನ್ನೊಂದು ಕಂಬ ಮುಂದುವರಿಸಿದರೆ ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ ಇರದು.

ಹಿಂದೆ ಸರಿಯುವುದೂ ಉಂಟು. ಮಗು ಒಮ್ಮೆಲೇ ಎತ್ತರ ಬೆಳೆದಾಗ, ಶಸ್ತ್ರಚಿಕಿತ್ಸೆಯಾದಾಗ, ಕಾಲಿಗೆ ಹೊಸ ಸ್ಪ್ಲಿಂಟ್ (ಆಸರೆಪಟ್ಟಿ) ಬಂದಾಗ, ತಿಂಗಳು ಬಿಟ್ಟು ಬಂದಾಗ ತೋಲವೇ ಬದಲಾಗಿರುತ್ತದೆ. ಆಗ ಎರಡು ಮೆಟ್ಟಿಲು ಕೆಳಗಿನಿಂದ ಶುರುಮಾಡಿ.

ಕುಕ್ಕುಲೋಟ, ಸವಾರಿ ಶಾಲೆಯ ಮಾತಿನಲ್ಲಿ ಟ್ರಾಟ್, ಇದಕ್ಕೆ ಅವಸರ ಬೇಡ. ಎಷ್ಟೋ ಮಕ್ಕಳಿಗೆ ಅದು ಎಂದೂ ಬೇಕಾಗುವುದಿಲ್ಲ. ಮಾಡುವುದಾದರೆ ನೇರ ಗೆರೆಯಲ್ಲಿ ಎಂಟು ಹತ್ತು ಹೆಜ್ಜೆ, ಓಡಬಲ್ಲ ಸಹಾಯಕರಿದ್ದರೆ ಮಾತ್ರ.

ತುರ್ತಿನಲ್ಲಿ ಇಳಿಸುವುದನ್ನು ಮೊದಲೇ ಅಭ್ಯಾಸ ಮಾಡಿರಬೇಕು. ಮೂರ್ಛೆ ಬಂದರೆ, ಪೋನಿ ಕುಂಟಿದರೆ, ಯಾವುದೇ ಆದರೂ ಕ್ರಮ ಒಂದೇ: ಹಗ್ಗದವರು ನಿಲ್ಲಿಸಿ ಪೋನಿಯ ತಲೆಯ ಬಳಿಯೇ ಇರಬೇಕು, ಮಗುವಿನ ಕಡೆ ಓಡಬಾರದು. ಒಬ್ಬರು ತಮ್ಮ ಕಡೆಯ ಪಾದ ಬಿಡಿಸಿ ಕೈಬಿಡುತ್ತಾರೆ. ಇನ್ನೊಬ್ಬರು ತಮ್ಮ ಕಡೆಯ ಪಾದ ಬಿಡಿಸಿ, ಮಗುವನ್ನು ಸೊಂಟದಲ್ಲಿ ಅಪ್ಪಿ ಎಳೆದುಕೊಂಡು ಪೋನಿಯಿಂದ ದೂರ ನಡೆಯುತ್ತಾರೆ. ಯಾವ ಕಡೆಗೆ ಅನ್ನುವುದು ಹೊರಡುವ ಮೊದಲೇ ತೀರ್ಮಾನ ಆಗಿರಬೇಕು. ಇಬ್ಬರೂ ಎಳೆದರೆ ಮಗು ಎಲ್ಲಿಗೂ ಬರುವುದಿಲ್ಲ.

ಪೋನಿಯ ಬೆನ್ನನ್ನೂ ಕಾಯಬೇಕು. ದಿನಕ್ಕೆ ಎರಡು ಮೂರು ಮಕ್ಕಳು, ನಡುವೆ ಬಿಡುವು. ಒಂದೇ ಕಡೆ ವಾಲುವ ಸವಾರರನ್ನು ಹೊತ್ತು ಹೊತ್ತು ಅದರ ಬೆನ್ನೂ ಸೊಟ್ಟಗಾಗುತ್ತದೆ. ಹಾಗಾಗಿ ವಾರಕ್ಕೆ ಒಂದೆರಡು ಸಲ ಹಗುರ ಮೈಯ ಪಳಗಿದ ಸವಾರರು ಅದನ್ನು ನೇರ ನಡೆಸಬೇಕು, ಒಂದಿಷ್ಟು ಬಯಲಲ್ಲಿ ಸುಮ್ಮನೆ ಮೇಯಲು ಬಿಡಬೇಕು. ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಿಸುವುದು, ಬಾಲ ಬೀಸುವುದು, ಹಲ್ಲು ಮಸೆಯುವುದು ಕಂಡರೆ ಆ ದಿನ ರಜೆ. ಅದು ದೂರು ಕೊಡುವ ರೀತಿ ಇಷ್ಟೇ.

ಇಳಿಸಿದ ಮೇಲೆ ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನೆಲುಬು ಪೂರ್ತಿ ಕೂಡದ ಸ್ಥಿತಿ) ಇರುವ ಮಗುವಿನ ತೊಡೆ, ಕುಂಡಿಯ ಚರ್ಮವನ್ನು ನೋಡಬೇಕು. ನೋವು ಗೊತ್ತಾಗದ ಕಾರಣ ಉಜ್ಜಿ ಕೆಂಪಾದದ್ದನ್ನು ಅದು ಹೇಳುವುದಿಲ್ಲ. ಕೆಂಪು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಗಾದಿ ಬದಲಾಗಬೇಕು, ಚರ್ಮ ಪೂರ್ತಿ ಸರಿಯಾಗುವವರೆಗೆ ಸವಾರಿ ನಿಲ್ಲಬೇಕು. ಆಮೇಲೆ ಪುಸ್ತಕದಲ್ಲಿ ಬರೆದಿಡಿ. "ಇವತ್ತು ತುಂಬಾ ಧೈರ್ಯ" ಅಂತ ಬರೆದರೆ ಮುಂದಿನ ವಾರ ಬರುವ ಸಹಾಯಕರಿಗೆ ಏನೂ ತಿಳಿಯದು. "ಕೆ ಅಕ್ಷರದಿಂದ ಇ ವರೆಗೆ ಎಡಗೈ ಬಿಟ್ಟು ನಡೆದದ್ದು ಎರಡು ಸಲ, ಮೂರನೇ ಸಲ ಬೇಡ ಅಂದಳು, ಹೊರಡಲು ಆರು ಎಣಿಕೆ ತೆಗೆದುಕೊಂಡಳು" ಎಂದು ಬರೆದರೆ ಅವರು ಎಲ್ಲಿಂದ ಶುರು ಮಾಡಬೇಕೋ ಅಲ್ಲಿಂದಲೇ ಶುರು ಮಾಡುತ್ತಾರೆ.